ಅಮ್ಮ ಕೇಳಿದ ಸಿಮೆಂಟಿನ ಲೆಕ್ಕ

1992ರಲ್ಲಿ ನಾನು ಪಿಯುಸಿ ಓದುತ್ತಿದ್ದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತರೆ ಅಪ್ಪ ಮೊದಲು ಬಿಡಿಸುತ್ತಿದ್ದುದು ಪತ್ರಿಕೆಯ ಷೇರು ದರಗಳ ಪುಟ. 200 ರೂಪಾಯಿ ಆಸುಪಾಸಿನಲ್ಲಿದ್ದ ಎಸಿಸಿ ಸಿಮೆಂಟ್ ಕಂಪನಿಯ ಷೇರು ಕೆಲವೇ ತಿಂಗಳಲ್ಲಿ 9,000ದ ಹತ್ತಿರಕ್ಕೆ ಬಂದಿತ್ತು. ‘ಸಿಮೆಂಟ್ ಮೂಟೆಯ ಬೆಲೆ ಹಾಗೇನೂ ಏರಿಲ್ಲವಲ್ಲ, ಅಂದ್ರೆ?’ ಎಂದು ಅಮ್ಮ ಕೇಳಿದಳು. ‘ಇಷ್ಟು ಜನ ಸುಮ್ಮನೆ ಕೊಳ್ತಾರೇನೆ?’ ಎಂದರು ಅಪ್ಪ. ಗಣಿತದ ಮೇಷ್ಟರು ಅವರು! ನನ್ನ ಎಂಜಿನಿಯರಿಂಗ್ ಓದಿಗೆಂದು ಕೂಡಿಟ್ಟಿದ್ದ ಹಣ ತೆಗೆದು, ಏರುತ್ತಿದ್ದ ಇನ್ನಾವುದೋ ಕಂಪನಿಯ ಷೇರು ಕೊಂಡೇಬಿಟ್ಟರು.

ಏಪ್ರಿಲ್ 22ರಂದು ಸೆನ್ಸೆಕ್ಸ್ 4,467 ಮುಟ್ಟಿತು. ಮರುದಿನವೇ ಪತ್ರಕರ್ತೆ ಸುಚೇತಾ ದಲಾಲ್ ಅವರ ವರದಿ ಬಂತು. ಸರ್ಕಾರಿ ಸಾಲಪತ್ರಗಳ ವ್ಯವಹಾರಕ್ಕೆಂದು ಬ್ಯಾಂಕುಗಳಿಂದ ಬಂದ ಹಣವನ್ನು ದಲ್ಲಾಳಿ ಹರ್ಷದ್ ಮೆಹ್ತಾ ಷೇರುಪೇಟೆಗೆ ಸುರಿದಿದ್ದರು. ಕೆಲವು ಬ್ಯಾಂಕ್ ರಸೀದಿಗಳ ಹಿಂದೆ ಸಾಲಪತ್ರಗಳೇ ಇರಲಿಲ್ಲ. ದರವನ್ನು ಮೇಲೆತ್ತಿದ್ದು ಆ ಹಣ. ಮೇಲೆ ಹೋದದ್ದನ್ನು ನಂಬಿ ಇನ್ನಷ್ಟು ಏರಿಸಿದವರು ಅಪ್ಪನಂಥವರು. ಅಪ್ಪನಿಗೆ ಷೇರು ಮಾರಿ ಹಣ ಎಣಿಸಿಕೊಂಡವರು ಯಾರೋ, ತಿಳಿಯಲೇ ಇಲ್ಲ.

ನಾನು ಬಿ.ಎಸ್ಸಿ.ಗೆ ಸೇರಿದೆ. ಅಪ್ಪ ಆ ಪುಟ ಬಿಡಿಸುವುದನ್ನು ಬಿಟ್ಟರು. ಷೇರುಪತ್ರಗಳು ಮಾತ್ರ ಬಹಳ ವರ್ಷ ಅಮ್ಮನ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಅಡಿಯಲ್ಲಿದ್ದವು.