ಕೆಸುವಿನೆಲೆಯ ನ್ಯಾನೋ

ಅಂಬ್ಲಿಗೊಳದ ನಮ್ಮ ಹಿತ್ತಲಲ್ಲಿ, ಬಚ್ಚಲು ನೀರು ಹರಿಯುವ ಕಡೆ, ಕೆಸು ಬೆಳೆದಿದೆ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಒಂಬತ್ತನೇ ತರಗತಿಯ ಮೊಮ್ಮಗಳು ಅದರ ಎರಡು ಎಲೆ ಕಿತ್ತಳು.

"ಪತ್ರೊಡೆಗೆ ಎರಡು ಸಾಲದು ಕಣೇ" ಎಂದೆ.

"ತಿನ್ನೋಕಲ್ಲಜ್ಜಿ, ನ್ಯಾನೋಗೆ!"

ಅವರ ಸರ್ಕಾರಿ ಶಾಲೆಗೆ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬರು ಬರುವವರಿದ್ದರು. ನೀರು ಅಂಟದ ಎಲೆ ತನ್ನಿ ಎಂದಿದ್ದರಂತೆ. ನಮ್ಮ ಮನೆಯಲ್ಲಿ ಏಳನೇ ತರಗತಿ ದಾಟಿದ ಹೆಣ್ಣು ಇವಳೊಬ್ಬಳೇ. ಇಂಗ್ಲಿಷ್ ಎಂದರೆ ಬಾಯಿ ಕಟ್ಟುತ್ತದೆ. ಅಲ್ಲಿ ಹೇಗೋ ಏನೋ ಎಂದು ನನಗೆ ದಿನವಿಡೀ ಅಳುಕು.

ಸಂಜೆ ಬಂದವಳೇ ಎಲೆಯ ಮೇಲೆ ನೀರು ಹನಿಸಿದಳು. ಹನಿ ಮುತ್ತಿನಂತೆ ಉರುಳಿತು. ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮೇಣದ ಉಬ್ಬುಗಳಿವೆಯಂತೆ. ಅವುಗಳ ನಡುವೆ ಗಾಳಿ ಸಿಕ್ಕಿಕೊಂಡು ಹನಿ ಮೇಲೆಯೇ ನಿಲ್ಲುತ್ತದಂತೆ. ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಮೀಟರ್.

"ನಿನ್ನ ಉಗುರು ಸೆಕೆಂಡಿಗೆ ಹೆಚ್ಚುಕಡಿಮೆ ಅಷ್ಟು ಬೆಳೆಯುತ್ತೆ ಅಜ್ಜಿ!"

ಕೆಸುವಿನೆಲೆ ಮೇಲಿನ ನೀರಿನ ಹಾಗಿರಬೇಕು ಎಂದು ಎಲ್ಲರಿಗೂ ಬುದ್ಧಿ ಹೇಳಿದವಳು ನಾನು. ನೀರು ಯಾಕೆ ಹಾಗೆ ಎಂದು ಒಮ್ಮೆಯೂ ಕೇಳಿರಲಿಲ್ಲ.

"ನೀನು ಮಾತಾಡಿದೆಯಾ?"

"ಅವರು ಕನ್ನಡದಲ್ಲೇ ಹೇಳಿದರು. ಎಲೆ ತಿಕ್ಕಿದರೆ ಏನಾಗುತ್ತೆ ಅಂತ ಕೇಳಿದೆ. ನನ್ನ ಕೈಯಲ್ಲೇ ತಿಕ್ಕಿಸಿದರು!"

ಭಾರತರತ್ನ ಸಿ.ಎನ್.ಆರ್. ರಾವ್ ಹೈಸ್ಕೂಲು ಓದಿದ್ದೂ ಕನ್ನಡದಲ್ಲೇ ಎಂದು ಆಕೆ ಹೇಳಿದರಂತೆ. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಕೇಂದ್ರಕ್ಕೆ ಅವರೇ ಸ್ಥಾಪಕ ಅಧ್ಯಕ್ಷರು; ಅಲ್ಲಿ ನ್ಯಾನೋ ಸಂಶೋಧನೆ ನಡೆಯುತ್ತದೆ. ಊಟದ ಹೊತ್ತಿಗೆ ಮೊಮ್ಮಗಳು ಜಕ್ಕೂರಿಗೆ ಬಸ್ಸು ಯಾವುದೆಂದು ಅವಳಪ್ಪನನ್ನು ಕೇಳುತ್ತಿದ್ದಳು.

ಎಲ್ಲರೂ ಮಲಗಿದ ಮೇಲೆ ಉಳಿದ ಎಲೆಯನ್ನು ನಾನೂ ಸೆರಗಿನಿಂದ ತಿಕ್ಕಿ ನೀರು ಹಾಕಿದೆ. ಹೌದು, ಅಂಟಿಕೊಂಡಿತು.