ಅಮ್ಮನ ಕೆಂಡದಡ್ಯೆ

ಅಮೆರಿಕದಲ್ಲಿ ನೆಲೆಸಿರುವ ನನ್ನ ಮಗಳು ಕಳೆದ ಜೂನ್ ತಿಂಗಳಿನಲ್ಲಿ ದೂರವಾಣಿಯಲ್ಲಿ ಮಾತನಾಡುತ್ತ, ತಾನು ಪೀಚ್ ಹಣ್ಣಿನ ‘ಕಾಬ್ಲರ್’ ಮಾಡಿದ ಸಂಗತಿಯನ್ನು ತಿಳಿಸಿದಳು. ಹೆಚ್ಚಿದ ಹಣ್ಣಿಗೆ ಸಕ್ಕರೆ ಬೆರೆಸಿ, ಮೇಲೆ ಮೈದಾಹಿಟ್ಟಿನ ಕಣಕವನ್ನು ಹರಡಿ ಬೇಯಿಸಿ, ಬಿಸಿಯಾಗಿರುವಾಗಲೇ ತಿನ್ನುವ ಭಕ್ಷ್ಯವಂತೆ ಅದು. ಹಿಂದಿನ ಕಾಲದಲ್ಲಿ ಅಲ್ಲಿಯ ಜನರು ಅದನ್ನು ಎರಕದ ಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. “ಅಪ್ಪಾ, ಇದು ನಮ್ಮ ಅಜ್ಜಿಯ ಕೆಂಡದಡ್ಯೆಯೇ ಅಲ್ಲವೇ? ಅದರ ಅಳತೆ ಬರೆದು ಕಳುಹಿಸಿ” ಎಂದಳು.

ಮೂವತ್ತು ವರ್ಷ ಮಕ್ಕಳಿಗೆ ಅಳತೆ-ತೂಕಗಳ ಲೆಕ್ಕ ಕಲಿಸಿದ ನನಗೆ ಆ ಒಂದು ಅಳತೆ ಗೊತ್ತಿರಲಿಲ್ಲ. ಹೇಳಬೇಕಾದ ಅಮ್ಮ ತೀರಿಕೊಂಡು ನಾಲ್ಕು ವರ್ಷಗಳಾಗಿವೆ.

ಅಮ್ಮನ ತವರು ಕುಂಬಳೆಯ ಸಮೀಪ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ಹತ್ತು ವರ್ಷ ಕಳೆದ ಮೇಲೆ, ಮದುವೆಯಾಗಿ ವಯನಾಡಿನ ಈ ಹಳ್ಳಿಗೆ ಬಂದಳು. ರಾಜ್ಯ ಬದಲಾಗಲಿಲ್ಲ, ಅಕ್ಕಪಕ್ಕದ ಮಾತು ಮಾತ್ರ ಪೂರ್ತಿ ಬದಲಾಯಿತು. ತವರಿನಿಂದ ತಂದದ್ದು ಒಂದು ಕಂಚಿನ ಉರುಳಿ ಮತ್ತು ಕನ್ನಡ. ನಮ್ಮೂರಿನಲ್ಲಿ ಕನ್ನಡ ಶಾಲೆ ಇರಲಿಲ್ಲ. ಅಡ್ಯೆ ಬೇಯುವ ಒಂದು ಗಂಟೆಯ ಕಾಲ ನಾನು ಒಲೆಯ ಬಳಿಯಿಂದ ಏಳುವಂತಿರಲಿಲ್ಲ. ಕೆಂಡ ಕಾಯುವುದು ನನ್ನ ಕೆಲಸ, ಬೂದಿಯಲ್ಲಿ ಬೆರಳಿನಿಂದ ಅಕ್ಷರ ತಿದ್ದಿಸುವುದು ಅವಳದು. ಶಿಕ್ಷಕ ತರಬೇತಿಯಲ್ಲಿ ಬೋಧನಾಕ್ರಮದ ಬಗ್ಗೆ ಬಹಳಷ್ಟು ಓದಿದೆ. ಅಮ್ಮನದು ಯಾವ ಕ್ರಮವೆಂದು ಅಲ್ಲಿ ಯಾರೂ ಹೇಳಲಿಲ್ಲ.

ತುಳುವಿನಲ್ಲಿ ಗೆಂಡದಡ್ಯೆ ಎನ್ನುವ ಈ ತಿಂಡಿಯನ್ನು ಕಾಸರಗೋಡು, ದಕ್ಷಿಣ ಕನ್ನಡಗಳ ಓದುಗರಿಗೆ ನಾನು ಪರಿಚಯಿಸಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ನೆನೆಸಿದ ಬೆಳ್ತಿಗೆ ಅಕ್ಕಿಯನ್ನು ಹಲಸಿನ ಹಣ್ಣಿನೊಡನೆ ತರಿತರಿಯಾಗಿ ರುಬ್ಬಿ, ಬೆಲ್ಲ, ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು ಕೂಡಿಸಬೇಕು. ಬೆಂಕಿಗೆ ಹಿಡಿದು ಬಾಡಿಸಿದ ಬಾಳೆಯೆಲೆಯನ್ನು ಉರುಳಿಯೊಳಗೆ ಹಾಸಿ, ತುಪ್ಪ ಸವರಿ, ಹಿಟ್ಟು ಸುರಿದು, ಮೇಲೊಂದು ಎಲೆ ಮುಚ್ಚಬೇಕು. ಕೆಳಗೆ ಸಣ್ಣ ಕೆಂಡ. ಮುಚ್ಚಳದ ಮೇಲೆ ಗೆರಟೆಯ ಕೆಂಡ ತುಸು ಹೆಚ್ಚು. ಎಲೆ ಕರಿದಾಗಿ, ಬೆಲ್ಲ ಸುಟ್ಟ ಪರಿಮಳ ಬಂದರೆ ಆಯಿತು. ಬಿಸಿ ತುಂಡಿನ ಮೇಲೆ ತುಪ್ಪ.

ಇಷ್ಟು ತಿಳಿದಿದ್ದೂ ನಾನು ಮಾಡಿದ್ದು ಕೆಟ್ಟಿತು. ಸುತ್ತ ಕರಕಲು, ನಡುವೆ ಅಂಟು. ಕುಂಬಳೆಯ ಚಿಕ್ಕಮ್ಮನಿಗೆ ಫೋನು ಮಾಡಿದೆ.

“ಬಕ್ಕೆಯೋ, ತುಳುವೆಯೋ?”

“ತುಳುವೆ, ಚಿಕ್ಕಮ್ಮ.”

“ಮತ್ತೆ ರುಬ್ಬುವಾಗ ನೀರು ಯಾಕೆ ಮುಟ್ಟಿಸಿದ್ದು ಮಾರಾಯಾ? ಬಕ್ಕೆಗಾದರೆ ಹಣ್ಣಿನ ಅರ್ಧ ಅಕ್ಕಿ ಸಾಕು. ತುಳುವೆಗೆ ನಾರು ತೆಗೆದು, ಸಮಸಮ ಅಕ್ಕಿ. ಮಳೆ ಬಿದ್ದ ಮೇಲಿನ ಹಣ್ಣಾದರೆ ಇನ್ನೊಂದು ಹಿಡಿ. ಹಣ್ಣು ನೋಡಿ ಅಕ್ಕಿ ಹಾಕುವುದು!”

ವಯನಾಡಿನ ಎತ್ತರದಲ್ಲಿ ಹಲಸು ತಡವಾಗಿ ಹಣ್ಣಾಗುತ್ತದೆ. ನಮ್ಮ ಹಣ್ಣುಗಳೆಲ್ಲ ಮಳೆಗೆ ಸಿಕ್ಕಿದವೇ. ಅಮ್ಮ ತವರಿನ ಅಳತೆಯನ್ನು ಇಲ್ಲಿಯ ಮಳೆಗೆ ತಕ್ಕಂತೆ ತಿದ್ದಿಕೊಂಡಿದ್ದಳು ಎಂಬುದು ನನಗೆ ಆಗ ಹೊಳೆಯಿತು. ಅವಳು ಇದ್ದಾಗ ಒಮ್ಮೆಯೂ ಕೇಳಲಿಲ್ಲವಲ್ಲ ಎಂಬ ಸಂಕಟ ಈಗಲೂ ಇದೆ.

ಎರಡನೆಯ ಪ್ರಯತ್ನಕ್ಕೆ ಹಣ್ಣು ದೊರಕಿಸುವುದೇ ಕಷ್ಟವಾಯಿತು. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಕಾಡಂಚಿನ ನಮಗೋ ಅದು ಭಯದ ಹಣ್ಣು. ಪರಿಮಳ ಹಿಡಿದು ಆನೆ ಅಂಗಳಕ್ಕೇ ಬರುತ್ತದೆ. ಅಮ್ಮ ನೆಟ್ಟ ಮರವನ್ನು ಕಡಿಸಬೇಕೆಂದು ನೆರೆಯವರು ಎರಡು ವರ್ಷದಿಂದ ಕೇಳುತ್ತಿದ್ದಾರೆ. ಅವರನ್ನು ದೂರಲಾರೆ, ಅವರ ಮಕ್ಕಳು ಬೆಳಿಗ್ಗೆ ಆ ಮರದ ಕೆಳಗಿನ ದಾರಿಯಲ್ಲೇ ನನ್ನ ಶಾಲೆಗೆ ಬರುವವರು. ಕಾಯಿಗಳನ್ನು ಎಳೆಯದರಲ್ಲೇ ಇಳಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಹಾಗೆ ಇಳಿಸಿದವು ಪಲ್ಯಕ್ಕಾದವು. ಬಲಿತ ಒಂದನ್ನು ಮಾತ್ರ ಬತ್ತೇರಿ ಪೇಟೆಯ ತಮ್ಮನ ಮನೆಯಲ್ಲಿಟ್ಟು ಹಣ್ಣು ಮಾಡಿಸಿ, ಅಲ್ಲಿಯೇ ಬಿಡಿಸಿ, ತೊಳೆಗಳನ್ನು ಡಬ್ಬಿಯಲ್ಲಿ ತಂದೆ.

ಈ ಬಾರಿ ಅಡ್ಯೆ ಎದ್ದು ಬಂತು. ತಳ ತುಸು ಸೀದಿತ್ತು, ಅಮ್ಮ ಒಪ್ಪುತ್ತಿರಲಿಲ್ಲ. ಅರ್ಧವನ್ನು ಬಿಸಿಯಾಗಿಯೇ ನೆರೆಮನೆಗೆ ಕೊಟ್ಟೆ; ಮಕ್ಕಳು ತಟ್ಟೆಯನ್ನು ತೊಳೆದಂತೆ ಖಾಲಿ ಮಾಡಿ ಹಿಂದಿರುಗಿಸಿದರು. ಮಗಳಿಗೆ ಚಿಕ್ಕಮ್ಮನ ಮಾತನ್ನು ಇದ್ದ ಹಾಗೆಯೇ ಬರೆದು ಕಳುಹಿಸಿದೆ. “ಇಲ್ಲಿ ಸಿಗುವುದು ಡಬ್ಬಿಯ ಹಲಸು ಅಪ್ಪಾ, ಅದಕ್ಕೆಷ್ಟು ಅಕ್ಕಿ?” ಎಂದು ಉತ್ತರ ಬಂದಿದೆ. ಚಿಕ್ಕಮ್ಮನನ್ನೇ ಕೇಳಬೇಕು.