ಪಾರ್ಕಿನಲ್ಲಿ ಹರವಿದ ಅಡಿಕೆ

ಅಕ್ಷರ ದುಂಡಗಿರುವುದೂ ಒಂದು ಗ್ರಹಚಾರ. ಮದುವೆ ಮನೆಗೆ ಹೋದರೆ ಮುಯ್ಯಿ ಬರೆಯಲು ಕೂರಿಸುತ್ತಾರೆ. ಎಲ್ಲರೂ ಉಂಡೆದ್ದ ಮೇಲೆ ನನಗೆ ಆರಿದ ಸಾರು. ಚನ್ನಗಿರಿಯ ನಮ್ಮ ಬಡಾವಣೆಯಲ್ಲಿ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ ಕಟ್ಟಿದಾಗಲೂ ಅದೇ ಆಯಿತು. ಅಧ್ಯಕ್ಷಗಿರಿಗೆ ಮೂವರು ಮೀಸೆ ತಿರುವಿದರು. ಖಜಾಂಚಿ ಆಗಲು ಇಬ್ಬರು ಮುಂದೆ ಬಂದರು. ಕಾರ್ಯದರ್ಶಿ ಯಾರು ಎಂದಾಗ ಎಲ್ಲರ ಕಣ್ಣೂ ನನ್ನ ಕಡೆ. "ಮೇಷ್ಟ್ರ ಅಕ್ಷರ ಮುತ್ತು ಪೋಣಿಸಿದಂಗೈತೆ, ಅವರೇ ಆಗ್ಲಿ ಬಿಡ್ರಿ."

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಸಂಘ ಹುಟ್ಟಲು ಏಳು ಜನ ಸಾಕು. ಹೆರಿಗೆ ಸುಲಭ, ಬಾಣಂತನವೇ ಕಷ್ಟ. ವರ್ಷಕ್ಕೊಂದು ಸರ್ವಸದಸ್ಯರ ಸಭೆ ಆಗಬೇಕು, ಲೆಕ್ಕ ಆಡಿಟ್ ಆಗಬೇಕು, ಸಭೆಯಾದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿಯೂ ಜಮಾಖರ್ಚೂ ನೋಂದಣಾಧಿಕಾರಿಗೆ ಮುಟ್ಟಬೇಕು. ಮೊದಲ ವರ್ಷ ನೋಟೀಸು ಹೊರಡಿಸಿದೆ. ಬಂದದ್ದು ನಾನು, ನನ್ನ ಹೆಂಡತಿ, ಬಾಡಿಗೆಗೆ ತಂದ ಮೂವತ್ತು ಕುರ್ಚಿ. ಮುಂದಿನ ನೋಟೀಸಿನ ಕೊನೆಗೆ 'ಮಂಡಕ್ಕಿ, ಮೆಣಸಿನಕಾಯಿ ವ್ಯವಸ್ಥೆ ಇದೆ' ಎಂದು ಸೇರಿಸಿದೆ. ಕೋರಂ ಆಗಿದ್ದಷ್ಟೇ ಅಲ್ಲ, ಪಕ್ಕದ ಬಡಾವಣೆಯವರೂ ಬಂದು ಕೂತರು.

ನಮ್ಮ ನೆಂಟರಿಷ್ಟರಲ್ಲೂ ಈ ರೋಗ ಹಬ್ಬಿದೆ. ಹೊನ್ನಾಳಿಯ ಬೀಗರು ಅವರ ಬಡಾವಣೆಗೆ ಅಧ್ಯಕ್ಷರು; ರಸ್ತೆ ತುಂಬ ಮೆಕ್ಕೆಜೋಳ ಒಣಹಾಕುವವರ ಜೊತೆ ಗುದ್ದಾಡುವುದರಲ್ಲೇ ಅವರ ಅವಧಿ ಮುಗಿಯುತ್ತಿದೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದನ್ನು ನೋಡಿ, ಅಲ್ಲಿನ ನನ್ನ ಷಡ್ಡಕನ ಬಡಾವಣೆಯಲ್ಲಿ ಎರಡನೇ ಅಡ್ಡರಸ್ತೆಯವರು ತಮಗೂ ಬೇರೆ ಸಂಘ ಬೇಕೆಂದು ಹೊರಟರು. ಜಗಳೂರಿನ ತಂಗಿಯ ಮನೆ ಕಡೆ ಮಾತ್ರ ಪಾರ್ಕು, ರಸ್ತೆಯ ತಕರಾರಿಲ್ಲ. ಬರದ ಸೀಮೆ, ಅಲ್ಲಿಯ ಸಭೆಯಲ್ಲಿ ಇರುವುದೊಂದೇ ವಿಷಯ, ನೀರು. ಊರಿನ ಹೆಸರಲ್ಲೇ ಜಗಳವಿದ್ದರೂ ಟ್ಯಾಂಕರ್ ಬಂದ ದಿನ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರಂತೆ. 1997ರ ಆಗಸ್ಟ್ 15ರವರೆಗೆ ನಾವು ಶಿವಮೊಗ್ಗ ಜಿಲ್ಲೆ, ಅವರು ಚಿತ್ರದುರ್ಗ. ದಾವಣಗೆರೆ ಜಿಲ್ಲೆಯಾದ ಮೇಲೆ ನಾಲ್ಕೂ ಊರಿನವರು ಒಂದೇ ಊರಿಗೆ ಕಾಗದ ಹಿಡಿದು ಅಲೆಯುತ್ತೇವೆ. ಅಲ್ಲಿ ಸಿಕ್ಕಾಗಲೇ ಈ ಸುಖದುಃಖವೆಲ್ಲ ಮಾತಾಡುವುದು.

ನಮ್ಮ ಪಾರ್ಕಿನ ಕಥೆಗೆ ಬರುತ್ತೇನೆ. ಸುಗ್ಗಿಯಲ್ಲಿ ಚನ್ನಗಿರಿ ಸೀಮೆಗೆ ಬಂದವರಿಗೆ ಗೊತ್ತು: ಬೇಯಿಸಿದ ಅಡಿಕೆಯ ವಾಸನೆ ಊರಿಗಿಂತ ಮೊದಲು ಎದುರಾಗುತ್ತದೆ. ಅಂಗೈಯಗಲ ಬಿಸಿಲು ಬಿದ್ದ ಕಡೆಯೆಲ್ಲ ಅಡಿಕೆ. ನಮ್ಮ ಸದಸ್ಯರೊಬ್ಬರು ಪಾರ್ಕಿನ ತುಂಬ ಹರವಿಬಿಟ್ಟರು. ಅಧ್ಯಕ್ಷರು ಸಭೆಯಲ್ಲೇ ಗುಡುಗಿದರು: "ಪಾರ್ಕು ಸಂಘದ್ದು, ತೆಗೀರಿ." ಅವರು ಮಂಡಕ್ಕಿ ಅಗಿಯುತ್ತಲೇ, "ನಾನೂ ಸಂಘದ ಸದಸ್ಯನೇ ಅಲ್ಲೇನ್ರಿ? ನನ್ನ ಪಾಲಿನಾಗೆ ಹರವೀನಿ" ಎಂದರು.

ವಾದ ಗಟ್ಟಿಯೇ ಇತ್ತು. ಬೆಂಗಳೂರಿನ ನನ್ನ ಮಗನ ಅಪಾರ್ಟ್‌ಮೆಂಟಿನಲ್ಲಾದರೆ ಅದಕ್ಕೆ ಅರ್ಧ ಬೆಲೆಯಾದರೂ ಸಿಗುತ್ತಿತ್ತು. ಅಲ್ಲಿಗೆ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಲಿಫ್ಟು, ಮೆಟ್ಟಿಲು, ತಾರಸಿ, ಎಲ್ಲದರಲ್ಲೂ ಪ್ರತಿ ಮನೆಯವರಿಗೆ ಪಾಲು. ಆದರೆ ಯಾರೂ ಹಿಸ್ಸೆ ಮಾಡಿಸಿಕೊಂಡು ಇದು ನನ್ನ ಮೆಟ್ಟಿಲು ಎನ್ನುವಂತಿಲ್ಲ. ಅವಿಭಕ್ತ ಕುಟುಂಬದ ಅಟ್ಟ ಇದ್ದ ಹಾಗೆ. ನಿರ್ವಹಣಾ ಶುಲ್ಕ ತಿಂಗಳಿಗೆ 7,500 ರೂಪಾಯಿ ದಾಟಿದರೆ ಜಿಎಸ್‌ಟಿ ಲೆಕ್ಕವೂ ಶುರುವಾಗುತ್ತದೆ ಎಂದು ಮಗ ಹೇಳಿದ. ನಮ್ಮ ಸಂಘದ ವಂತಿಗೆ ತಿಂಗಳಿಗೆ 100 ರೂಪಾಯಿ, ಅದೂ ಬಾಕಿ. ಆ ಚಿಂತೆ ನಮಗೆ ಏಳು ಜನ್ಮಕ್ಕೂ ಇಲ್ಲ.

ಬಡಾವಣೆಯ ದಾರಿಯೇ ಬೇರೆ. ಎದ್ದು ನಿಂತು, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಓದಿಕೊಂಡಿದ್ದನ್ನು ಪಾಠದ ಧಾಟಿಯಲ್ಲಿ ಹೇಳಿದೆ: ಲೇಔಟಿಗೆ ಮಂಜೂರಾತಿ ಪಡೆಯುವವರು ರಸ್ತೆ ಮತ್ತು ಪಾರ್ಕಿನ ಜಾಗವನ್ನು ಸ್ಥಳೀಯ ಸಂಸ್ಥೆಗೆ ಪುಕ್ಕಟೆ ಬಿಟ್ಟುಕೊಡಬೇಕು. ಅಂದರೆ ಪಾರ್ಕು ಅಡಿಕೆಯವರದೂ ಅಲ್ಲ, ಅಧ್ಯಕ್ಷರದೂ ಅಲ್ಲ, ಪುರಸಭೆಯದು.

ಸಭೆ ಗಪ್‌ಚಿಪ್. ಆಮೇಲೆ ಹಿಂದಿನ ಸಾಲಿನಿಂದ ಒಂದು ದನಿ: "ಹಂಗಾದ್ರೆ ಸಂಘ ಯಾಕ್ರಿ ಮೇಷ್ಟ್ರೆ?"

ಒಳ್ಳೆಯ ಪ್ರಶ್ನೆ. ಮೊದಲೆಲ್ಲ ಸಂಘ ಕಟ್ಟುವುದು ನಮ್ಮ ಖುಷಿಗೆ. 2016ರ ರೇರಾ ಕಾಯ್ದೆ ಬಂದ ಮೇಲೆ 500 ಚದರ ಮೀಟರು ಮೀರಿದ ಹೊಸ ಲೇಔಟೂ ನೋಂದಣಿಯಾಗಬೇಕು. ಹೆಚ್ಚಿನ ನಿವೇಶನಗಳ ಬುಕಿಂಗ್ ಆದ ಮೂರು ತಿಂಗಳೊಳಗೆ ಸಂಘ ಹುಟ್ಟುವಂತೆ ನೋಡಿಕೊಳ್ಳುವುದು ಪ್ರವರ್ತಕರ ಹೊಣೆ. ಮನೆಗೆ ಪಾಯ ತೋಡುವ ಮೊದಲೇ ಸಂಘ! ನಮ್ಮಜ್ಜನ ಕಾಲದಲ್ಲಿ ಈ ಕೆಲಸ ಅರಳಿಕಟ್ಟೆಯದು. ಕಟ್ಟೆಗೆ ಬೈಲಾ ಇರಲಿಲ್ಲ, ನಿಜ. ಆದರೆ ಅಲ್ಲಿ ಗಂಟಲು ದೊಡ್ಡದಿದ್ದವನದೇ ತೀರ್ಮಾನ. ಹೆಂಗಸರಂತೂ ಆ ಕಡೆ ತಲೆ ಹಾಕುವಂತಿರಲಿಲ್ಲ. ನಡಾವಳಿ ಪುಸ್ತಕದಲ್ಲಿ ಕಿರುಚಿದವರ ಮಾತೂ ಪಿಸುಗುಟ್ಟಿದವರ ಮಾತೂ ಒಂದೇ ಗಾತ್ರದ ಅಕ್ಷರ. ದುಂಡಗಿನ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಈವರೆಗೆ ಸಿಕ್ಕಿಲ್ಲ.

ಅಂದಿನ ನಿರ್ಣಯವನ್ನು ಹೀಗೆ ಬರೆದೆ: 'ಪಾರ್ಕು ನಮ್ಮಲ್ಲಿ ಯಾರದೂ ಅಲ್ಲವೆಂದು ತಿಳಿದುಕೊಂಡು, ತಿಂಗಳಿಗೊಂದು ಭಾನುವಾರ ಎಲ್ಲರೂ ಸೇರಿ ಗುಡಿಸುವುದೆಂದು ತೀರ್ಮಾನಿಸಲಾಯಿತು.' ಅಡಿಕೆಯವರು ಮೊದಲಿಗರಾಗಿ ಸಹಿ ಹಾಕಿದರು. ಕೈಗೆ ಹತ್ತಿದ್ದ ಅಡಿಕೆಯ ಚೊಗರು ಪುಟದ ಅಂಚಿಗೂ ಮೆತ್ತಿತು.

ಆಡಿಟಿಗೆ ಪುಸ್ತಕ ಒಯ್ದಾಗ ಆಡಿಟರು ಕನ್ನಡಕ ಸರಿಮಾಡಿಕೊಂಡು, "ಇದೇನ್ರಿ ಕಲೆ?" ಎಂದರು. "ಹಾಜರಾತಿ ಸರ್" ಎಂದೆ. ಚೊಗರಿನ ಕಲೆ ತೊಳೆದರೂ ಹೋಗುವುದಿಲ್ಲ.